ಮಂಡಕಳ್ಳಿಯ ರನ್‌ವೇ, ಕೆ.ಆರ್. ಪೇಟೆಯ ಮುಂಬೈ

ಮೈಸೂರಿನ ಮಂಡಕಳ್ಳಿ ರನ್‌ವೇಯನ್ನು ಇನ್ನೊಂದು ಕಿಲೋಮೀಟರ್ ಉದ್ದ ಮಾಡಿಬಿಟ್ಟರೆ ಶ್ರೀರಂಗಪಟ್ಟಣ, ಪಾಂಡವಪುರಗಳ ಹಣೆಬರಹವೇ ಬದಲಾಗುತ್ತದೆ ಎಂಬ ಮಾತು ಈ ಭಾಗದಲ್ಲಿ ಎಲ್ಲರ ಬಾಯಲ್ಲೂ ಸಲೀಸು. ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣಕ್ಕೆ ನೋಡಿದ ಜಾಗಗಳಲ್ಲಿ ನೆಲಮಂಗಲ–ಕುಣಿಗಲ್ ರಸ್ತೆಯದೂ ಒಂದು. ಆ ಸುದ್ದಿ ನಾಗಮಂಗಲದವರೆಗೂ ಆಸೆ ಹಬ್ಬಿಸಿದೆ. ಈ ಲೆಕ್ಕವೇ ತಲೆಕೆಳಗು. ಊರು ಊರಿಗೆ ನಂಟು ಮೊದಲು, ವಿಮಾನ ಆಮೇಲೆ.

ಮಂಡಕಳ್ಳಿಗೆ ವಿಮಾನ ಹೊಸದಲ್ಲ. ನಿಲ್ದಾಣ ಮೈಸೂರು ಸಂಸ್ಥಾನದ ಕಾಲದ್ದು. 1980ರ ದಶಕದಲ್ಲಿ ವಾಯುದೂತ್ ಬಂತು, ಹೋಯಿತು. 2010ರ ಮೇನಲ್ಲಿ ಹೊಸ ಟರ್ಮಿನಲ್ ಉದ್ಘಾಟನೆಯಾಯಿತು, ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ಇಳಿಯಿತು, ಮರುವರ್ಷವೇ ನಿಂತಿತು. 2017ರಲ್ಲಿ ಉಡಾನ್ ಯೋಜನೆಯ ಸಹಾಯಧನದಿಂದ ಚೆನ್ನೈಗೆ ಹಾರಿದ ಟ್ರೂಜೆಟ್ ಕಂಪನಿ ಈಗ ಹಾರಾಟದಲ್ಲೇ ಇಲ್ಲ. ಇದಕ್ಕೆಲ್ಲ ಬೆಂಗಳೂರಿನ ದೇವನಹಳ್ಳಿ ನಿಲ್ದಾಣದ ಒಪ್ಪಂದವನ್ನು ದೂರುವಂತೆಯೂ ಇಲ್ಲ: 150 ಕಿ.ಮೀ. ಒಳಗೆ 25 ವರ್ಷ ಬೇರೆ ನಿಲ್ದಾಣ ಬೇಡ ಎಂದ ಆ ಕರಾರೇ ಮೈಸೂರು, ಹಾಸನಗಳಿಗೆ ವಿನಾಯಿತಿ ಕೊಟ್ಟಿದೆ. ಅಡ್ಡ ನಿಂತದ್ದು ದೇವನಹಳ್ಳಿಯ ಗಾತ್ರ. ವಿಮಾನ ಬದಲಿಸುವ ಅನುಕೂಲ ಎಲ್ಲಿದೆಯೋ ಹೊಸ ವಿಮಾನವೂ ಅಲ್ಲಿಗೇ ಬರುತ್ತದೆ. ದೇವನಹಳ್ಳಿ ಶುರುವಾದ 2008ರಿಂದ ಆದದ್ದು ಅದೇ. ಮೈಸೂರಿನ ಪ್ರಯಾಣಿಕ ಸೂಟ್‌ಕೇಸು ಹಿಡಿದು ಕೆಎಸ್‌ಆರ್‌ಟಿಸಿ ಫ್ಲೈಬಸ್ಸು ಹತ್ತುತ್ತಾನೆ, ತಪ್ಪೇನು?

ಇನ್ನು ಮಂಡ್ಯ ಜಿಲ್ಲೆಯ ಕೆ.ಆರ್. ಪೇಟೆ. ವಿಮಾನವಿಲ್ಲದೆಯೂ ನಂಟು ಬೆಳೆದದ್ದು ಇಲ್ಲಿ. ಈ ತಾಲ್ಲೂಕಿನ ಎಷ್ಟೋ ಹಳ್ಳಿಗಳಿಗೆ ಬೆಂಗಳೂರಿನಷ್ಟೇ ಹತ್ತಿರದ ಊರು ಮುಂಬೈ. ಒಬ್ಬ ಹೋಗಿ ಹೋಟೆಲಿನಲ್ಲಿ ಕೆಲಸಕ್ಕೆ ನಿಂತ, ತಮ್ಮನನ್ನು ಕರೆಸಿಕೊಂಡ, ಅವನ ಹಿಂದೆ ಭಾವಮೈದ ಹೋಗಿ ಆಟೋ ಹಿಡಿದ. ದುಡ್ಡು ಊರಿಗೆ ಬಂತು, ಮನೆಗೆ ತಾರಸಿ ಬಂತು. ಈ ನಂಟನ್ನು ಬೆಸೆದದ್ದು ಬಸ್ಸು ಮತ್ತು ರೈಲು. ಅದೆಷ್ಟು ಗಟ್ಟಿ ಎಂದು ಮಂಡ್ಯ ಜಿಲ್ಲೆಗೆ ತಿಳಿದದ್ದು 2020ರ ಮೇ ತಿಂಗಳಲ್ಲಿ, ಕೋವಿಡ್ ಹಬ್ಬಿದಾಗ. ರೋಗ ಹಬ್ಬುವ ದೂರವನ್ನು ಮೈಲಿಯಲ್ಲಲ್ಲ, ವಿಮಾನ ಸಂಚಾರದಲ್ಲಿ ಅಳೆಯಬೇಕು ಎಂದು ಸಂಶೋಧಕರಾದ ಬ್ರಾಕ್‌ಮನ್ ಮತ್ತು ಹೆಲ್ಬಿಂಗ್ 2013ರಲ್ಲಿ ತೋರಿಸಿದ್ದರು. ಜಗತ್ತಿನ ಮಟ್ಟಿಗೆ ಅದು ಸರಿಯೇ. ಆದರೆ ಲಾಕ್‌ಡೌನಿನಿಂದಾಗಿ ದೇಶದೊಳಗಿನ ವಿಮಾನಗಳು ಮೇ 25ರವರೆಗೆ ನೆಲ ಬಿಟ್ಟಿರಲಿಲ್ಲ. ಅಷ್ಟರೊಳಗೇ ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದ ಪಾಸು ಹಿಡಿದು ರಸ್ತೆಯಲ್ಲಿ ಬಂದ ಮುಂಬೈ ವಾಸಿಗಳಿಂದ ಕೆ.ಆರ್. ಪೇಟೆ, ನಾಗಮಂಗಲಗಳ ಕ್ವಾರಂಟೈನ್ ಕೇಂದ್ರಗಳು ತುಂಬಿದ್ದವು, ಸೋಂಕಿನ ಪಟ್ಟಿ ದಿನದಿನಕ್ಕೆ ಉದ್ದವಾಗುತ್ತಿತ್ತು. ವಿಮಾನ ಮಾರ್ಗಗಳ ನಕ್ಷೆಯಲ್ಲಿ ಈ ಎರಡು ಊರುಗಳಿಗೆ ಒಂದು ಚುಕ್ಕೆಯೂ ಇಲ್ಲ.

ವೇಗದ ದಾರಿ ಬಂದರೆ ನಡುವಿನ ಊರು ಉದ್ಧಾರ ಎನ್ನುವವರು ಶ್ರೀರಂಗಪಟ್ಟಣಕ್ಕೆ ಹೋಗಿ ನೋಡಲಿ. ಅಲ್ಲಿ ರೈಲಿಗೆ ಹತ್ತೊಂಬತ್ತನೇ ಶತಮಾನದಿಂದ ಬರವಿಲ್ಲ. ಜೋಡಿ ಹಳಿಗೆ ಜಾಗವಾಗಲೆಂದು 2017ರಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಯನ್ನೇ ಬುಡಸಮೇತ ಎತ್ತಿ, ನೂರಕ್ಕೂ ಹೆಚ್ಚು ಮೀಟರ್ ಆಚೆ ಕೂರಿಸಿದರು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಬಂತು, ಬೈಪಾಸಿನಲ್ಲಿ ಊರನ್ನು ಪಕ್ಕಕ್ಕೆ ಬಿಟ್ಟು ಹೋಯಿತು. ಎರಡು ತುದಿಯ ನಗರಗಳು ಹತ್ತಿರವಾದವು. ನಡುವೆ ಗಾಡಿ ನಿಲ್ಲಿಸಿ ಕಾಫಿ ಕುಡಿಯುವವರು ಕಡಿಮೆಯಾದರು.

ಮಂಡಕಳ್ಳಿ ರನ್‌ವೇ ಉದ್ದ ಮಾಡಲು ನಂಜನಗೂಡು ಹೆದ್ದಾರಿಯನ್ನೂ ಹಳಿಯನ್ನೂ ತಿರುಗಿಸಬೇಕು, ಕೋಟಿಗಟ್ಟಲೆ ಖರ್ಚು. ಅದಕ್ಕೆ ಮೊದಲು ಕೆ.ಆರ್. ಪೇಟೆಯಿಂದ ನಾಗಮಂಗಲ, ಬೆಳ್ಳೂರು ಕ್ರಾಸ್, ಕುಣಿಗಲ್ ಮೇಲೆ ದೇವನಹಳ್ಳಿಗೆ ದಿನಕ್ಕೆರಡು ನೇರ ಬಸ್ಸು ಬಿಡಲಿ. ಅವು ತುಂಬಿದ ಮೇಲೆ ರನ್‌ವೇ ಮಾತು ಎತ್ತೋಣ.