ಗಿಣಿಗೇರಾದಲ್ಲಿ ಗಿಣಿಗೇರಿಯವರನ್ನು ಹುಡುಕಬೇಡಿ

ಅಡ್ಡಹೆಸರಿನ ಹುಚ್ಚು ಹತ್ತಿದವರು ಮೊದಮೊದಲು ಎಲ್ಲರೂ ಒಂದೇ ಹಾದಿ ಹಿಡಿಯುತ್ತಾರೆ. ಗಿಣಿಗೇರಿ ಎಂಬ ಅಡ್ಡಹೆಸರು ಕಿವಿಗೆ ಬಿದ್ದದ್ದೇ ತಡ, ಕೊಪ್ಪಳದ ಬಸ್ಸು ಹತ್ತುತ್ತಾರೆ. ಹೊಸಪೇಟೆ ರಸ್ತೆಯ ಗಿಣಿಗೇರಾದಲ್ಲಿ ಇಳಿದು, ಚಹಾದಂಗಡಿ ಮುಂದೆ ನಿಂತು, ‘ಇಲ್ಲಿ ಗಿಣಿಗೇರಿಯವರ ಮನಿ ಯಾವುದ್ರೀ?’ ಅಂತ ಕೇಳುತ್ತಾರೆ. ಅಂಗಡಿಯವನು ನಗದೆ ಏನು ಮಾಡಿಯಾನು? ಅಲ್ಲಿ ಇರುವವರೆಲ್ಲ ಗಿಣಿಗೇರಿಯವರೇ. ಹಾಗಾಗಿಯೇ ಯಾರಿಗೂ ಆ ಅಡ್ಡಹೆಸರು ಬೇಕಾಗಿಲ್ಲ.

ಊರಿನ ಹೆಸರು ಅಡ್ಡಹೆಸರಾಗುವುದು ಊರು ಬಿಟ್ಟ ಮೇಲೆ, ಅದೂ ಇನ್ನೊಂದು ಊರಿನವರ ಬಾಯಲ್ಲಿ. ಬರಗಾಲಕ್ಕೋ ಬೀಗತನಕ್ಕೋ ದಲಾಲಿ ಅಂಗಡಿಯ ಕೆಲಸಕ್ಕೋ ಒಬ್ಬ ಬಸಪ್ಪ ಗದಗಿಗೆ ಹೋಗಿ ನಿಂತನೆನ್ನಿ. ಆ ಓಣಿಯಲ್ಲಿ ಮೊದಲೇ ನಾಲ್ಕು ಮಂದಿ ಬಸಪ್ಪರಿದ್ದಾರೆ. ಐದನೆಯವನು ಗಿಣಿಗೇರಿ ಬಸಪ್ಪನಾಗುತ್ತಾನೆ. ಅವನ ಮೊಮ್ಮಗನನ್ನು ಶಾಲೆಗೆ ಹಚ್ಚುವಾಗ ಹೆಡ್ ಮಾಸ್ತರರು ‘ಅಡ್ಡೆಸ್ರು ಏನಪಾ?’ ಎಂದು ಕೇಳಿ, ಓಣಿಯವರು ಕರೆಯುತ್ತಿದ್ದುದನ್ನೇ ದಾಖಲಾತಿ ಪುಸ್ತಕದಲ್ಲಿ ಬರೆದುಬಿಡುತ್ತಾರೆ. ಹೆಸರಿನ ಮುಂದಿದ್ದದ್ದು ಹಿಂದಕ್ಕೆ ಹೋಗುತ್ತದೆ, ಅಷ್ಟೇ ವ್ಯತ್ಯಾಸ. ತುರ್ಕಿಯಲ್ಲಿ ಇದಕ್ಕೆ 1934ರಲ್ಲಿ ಕಾನೂನೇ ಬರಬೇಕಾಯಿತು, ಜಪಾನಿನಲ್ಲಿ 1875ರ ಸರ್ಕಾರಿ ಆಜ್ಞೆ. ನಮ್ಮಲ್ಲಿ ಕನ್ನಡ ಶಾಲೆಯ ಮಾಸ್ತರರು ಮಸಿ ದೌತಿ ಮುಂದಿಟ್ಟುಕೊಂಡು ಆ ಕೆಲಸ ಮಾಡಿ ಮುಗಿಸಿದರು.

ಮುಂಡರಗಿ ಭೀಮರಾಯನನ್ನು ತೆಗೆದುಕೊಳ್ಳಿ. 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದು ಕೊಪ್ಪಳದ ಕೋಟೆಯಲ್ಲಿ ಕಾದಾಡಿ ಸತ್ತವನು. ಕೊಪ್ಪಳದವರ ಬಾಯಲ್ಲಿ ಮುಂಡರಗಿ ಬಿಟ್ಟು ಭೀಮರಾಯನಿಲ್ಲ. ಕುಷ್ಟಗಿ ಕ್ಷೇತ್ರದಿಂದ 1952ರ ಮೊದಲ ಲೋಕಸಭೆಗೆ ಗೆದ್ದು ಹೋದ ಶಿವಮೂರ್ತಿ ಸ್ವಾಮಿಗಳನ್ನು ನಾಡೆಲ್ಲ ಅಳವಂಡಿ ಎಂದೇ ಗುರುತಿಸಿತು. ಅಳವಂಡಿಯೊಳಗೆ ಸ್ವಾಮಿಗಳೆಂದರೆ ಸಾಕು. ಕನ್ನಡದ ಹೆಸರುಗಳ ಬಗ್ಗೆ ಗಂಭೀರವಾಗಿ ಬರೆದ ಎಂ.ಎಂ. ಕಲಬುರ್ಗಿಯವರು ಹುಟ್ಟಿದ್ದು ಸಿಂದಗಿ ತಾಲ್ಲೂಕಿನ ಯರಗಲ್ಲಿನಲ್ಲಿ, ಬದುಕಿದ್ದು ಧಾರವಾಡದಲ್ಲಿ. ಅಡ್ಡಹೆಸರು ತೋರಿಸುವ ಊರಿನಲ್ಲಿ ಮನುಷ್ಯ ಸಿಗುವುದಿಲ್ಲ.

ಹಾಗಾದರೆ ಗಿಣಿಗೇರಿಯವರನ್ನು ಎಲ್ಲಿ ಹುಡುಕಬೇಕು? ಮದುವೆ ಕಾರ್ಡಿನಲ್ಲಿ. ಈ ಹವ್ಯಾಸಕ್ಕೆ ಅದಕ್ಕಿಂತ ಪಕ್ಕಾ ದಾಖಲೆ ಇನ್ನೊಂದಿಲ್ಲ. ನನ್ನ ಸಂಗ್ರಹದ ಒಂದು ಕಾರ್ಡು ಹೀಗಿದೆ: ನಾಲ್ಕೂ ಮೂಲೆಗೆ ಅರಿಸಿನ, ನೆತ್ತಿಯ ಮೇಲೆ ಗವಿಸಿದ್ಧೇಶ್ವರ, ಎಡಕ್ಕೆ ವರ, ಬಲಕ್ಕೆ ವಧು. ವಧುವಿನ ಕಡೆಯವರು ಗಿಣಿಗೇರಿ ಮನೆತನದವರು, ಸಾ॥ ಗದಗ-ಬೆಟಗೇರಿ. ವರನ ಅಡ್ಡಹೆಸರು ಬೇರೆ, ಆದರೆ ಸಾ॥ ಗಿಣಿಗೇರಾ, ತಾ॥ ಜಿ॥ ಕೊಪ್ಪಳ. ತಳದಲ್ಲಿ ಸಣ್ಣ ಅಕ್ಷರದ ಬಂಧುಗಳ ಸಾಲು: ಹಿಟ್ನಾಳ, ಲೇಬಗೇರಿ, ಇರಕಲ್ಲಗಡ, ಬನ್ನಿಕೊಪ್ಪ, ಬೂದಗುಂಪಿ. ಎಲ್ಲವೂ ಕೊಪ್ಪಳ ಸುತ್ತಿನ ಊರುಗಳೇ, ಇಲ್ಲಿ ಮನುಷ್ಯರಾಗಿವೆ. ಅಜ್ಜನೋ ಮುತ್ತಜ್ಜನೋ ಬಿಟ್ಟುಬಂದ ಊರಿಗೆ ಆ ಹುಡುಗಿ ಸೊಸೆಯಾಗಿ ವಾಪಸು ಹೊರಟಿದ್ದಾಳೆ. ಊರಿನ ಅಗಸಿ ದಾಟುತ್ತಲೇ ಊರಿನ ಹೆಸರು ಅವಳನ್ನು ಬಿಟ್ಟು ಗಂಡನ ಮನೆಯದು ಬಂದು ಕೂಡುತ್ತದೆ. ಬೋರ್ಡಿನಲ್ಲಿ ಗಿಣಿಗೇರಾ, ಮನೆತನದಲ್ಲಿ ಗಿಣಿಗೇರಿ. ತಾವರಗೇರಾದ್ದೂ ಇದೇ ಕಥೆ, ಮನುಷ್ಯರು ತಾವರಗೇರಿ.

ಅಂದಹಾಗೆ ಈ ‘ಸಾ॥’ ಫಾರಸಿಯಿಂದ ಉರ್ದುವಿಗೆ, ಉರ್ದುವಿನಿಂದ ನಮ್ಮ ಕಚೇರಿಗಳಿಗೆ ಬಂದ ಸಾಕಿನ್. ಪೊಲೀಸರ ಪಂಚನಾಮೆಯಲ್ಲೂ ದೇವರ ಕೆಳಗಿನ ಲಗ್ನಪತ್ರಿಕೆಯಲ್ಲೂ ಅದು ಒಂದೇ ಠೀವಿಯಿಂದ ಕುಳಿತಿರುತ್ತದೆ.

ಗದಗಿಗೂ ಕೊಪ್ಪಳಕ್ಕೂ ನಡುವೆ ಈಗ ಒಂದು ತಾಸಿನ ದಾರಿ. ನಿಜಾಮನ ಕಾಲಕ್ಕೆ ಅಲ್ಲೊಂದು ಗಡಿ ಇತ್ತು. ಗದಗ ಮುಂಬೈ ಪ್ರಾಂತದ್ದು. ಕೊಪ್ಪಳ ಹೈದರಾಬಾದ್ ಸಂಸ್ಥಾನದ್ದು, ಅದರೊಳಗೂ ಸಾಲಾರ್ ಜಂಗ್ ಮನೆತನದ ಜಹಗೀರು. ಗಡಿಯಾಚೆಯ ಶಾಲೆ, ಕೋರ್ಟು, ಉತಾರಗಳಲ್ಲಿ ಮರಾಠಿ ಪದ್ಧತಿ: ತನ್ನ ಹೆಸರು, ತಂದೆ ಹೆಸರು, ಅಡ್ಡಹೆಸರು. ಈಚೆ ನಿಜಾಮನ ಉರ್ದು ದಫ್ತರದಲ್ಲಿ ಇಂಥವನ ‘ವಲ್ದ್’ ಇಂಥವನು, ‘ಸಾಕಿನ್’ ಇಂಥ ಊರು, ಮುಗಿಯಿತು. ಮೂರನೆಯ ಖಾನೆಯೇ ಇರಲಿಲ್ಲ. 1948ರ ಸೆಪ್ಟೆಂಬರ್ 17ಕ್ಕೆ ಸಂಸ್ಥಾನ ಹೋಯಿತು, 1956ರ ನವೆಂಬರ್ 1ಕ್ಕೆ ಎರಡೂ ಕಡೆ ಒಂದೇ ರಾಜ್ಯವಾಯಿತು, ಆದರೆ ಹೆಸರು ಬರೆಯುವ ರೂಢಿ ಅಷ್ಟು ಬೇಗ ಕೂಡಿಕೊಳ್ಳಲಿಲ್ಲ. ಇವತ್ತಿಗೂ ನಮ್ಮ ಹಳ್ಳಿಗಳಲ್ಲಿ ‘ಹುಲಿಗೆಮ್ಮ ಗಂಡ ಹನುಮಪ್ಪ’ ಎಂದು ಬರೆದರೆ ಯಾರಿಗೂ ಏನೂ ಕಡಿಮೆಯಾದಂತೆ ಕಾಣುವುದಿಲ್ಲ. ಹೀಗಾಗಿ ಕೊಪ್ಪಳ ಸೀಮೆಯ ಊರುಗಳು ಅಡ್ಡಹೆಸರುಗಳಾಗಿ ಬೇರೂರಲು ಒಳ್ಳೆಯ ನೆಲ ಗಡಿಯಾಚೆ ಸಿಕ್ಕಿತು ಎಂಬುದು ನನ್ನ ಲೆಕ್ಕ. ಗಿಣಿಗೇರಾ ಬಿಟ್ಟವನು ಕುಷ್ಟಗಿಗೆ ಹೋಗಿದ್ದರೆ ಬರೇ ಬಸಪ್ಪನಾಗಿ ಉಳಿಯುತ್ತಿದ್ದನೇನೋ.

ನಿಜಾಮ ಕೊಟ್ಟದ್ದು ಏನೂ ಇಲ್ಲ ಅಂತಲ್ಲ. ನನಗೆ ಅತ್ಯಂತ ಪ್ರಿಯವಾದ ಎರಡು ಅಡ್ಡಹೆಸರುಗಳು ಆ ಆಡಳಿತದ ಊರುಗಳಲ್ಲೇ ಹುಲುಸಾಗಿ ಬೆಳೆದವು: ಮಾಲಿಪಾಟೀಲ, ಪೊಲೀಸ್ ಪಾಟೀಲ. ಊರಿಗೆ ಒಬ್ಬ ಗೌಡ ಸಾಲದೆಂದು ಗೌಡಿಕೆಯನ್ನೇ ಎರಡು ಮಾಡಿದ್ದರು. ಮಾಲು ಎಂದರೆ ಕಂದಾಯ. ಅದನ್ನು ವಸೂಲು ಮಾಡುವವನು ಮಾಲಿಪಾಟೀಲ. ಕಳ್ಳಕಾಕರು, ಹೊಡೆದಾಟ, ಹೆಣದ ಪಂಚನಾಮೆ ನೋಡಿಕೊಳ್ಳುವವನು ಪೊಲೀಸ್ ಪಾಟೀಲ. ಲೆಕ್ಕ ಬರೆಯಲು ಪಟವಾರಿ. ಮಾಲಿಪಾಟೀಲರು ತೋಟ ಕಾಯುವ ಮಾಲಿಗಳೇ ಎಂದು ಬೆಂಗಳೂರಿನ ಕಚೇರಿಗಳಲ್ಲಿ ಕೇಳುವವರಿದ್ದಾರೆ! ಇನ್ನು ಪೊಲೀಸ್ ಪಾಟೀಲರಂತೂ ಕನ್ನಡದ ಮನೆತನಗಳಲ್ಲಿ ಒಂದು ಅಪರೂಪದ ಜಾತಿ, ಅರ್ಧ ಇಂಗ್ಲಿಷಿನವರು. ಮುಂಬೈ ಭಾಗದಲ್ಲೂ ಆ ಹುದ್ದೆಯಿತ್ತು, ಅಲ್ಲಿ ಪೊಲೀಸಗೌಡರೂ ಇದ್ದಾರೆ. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ತೆಗೆದುಹಾಕುವ ಕಾಯ್ದೆ 1961ರಲ್ಲಿ ಆಯಿತು. ಗೌಡಿಕೆ ಹೋಯಿತು, ಕುಲಕರ್ಣಿಕೆ ಹೋಯಿತು, ದಫ್ತರಗಳು ತಹಶೀಲ್ದಾರರ ಕಪಾಟು ಸೇರಿದವು. ಹೆಸರಿಗೆ ಮಾತ್ರ ಯಾರೂ ನೋಟಿಸು ಕೊಡಲಿಲ್ಲ. ಪೊಲೀಸ್ ಇಲಾಖೆಯಲ್ಲಿ ನೌಕರಿಗಿರುವ ಪೊಲೀಸ್ ಪಾಟೀಲರೊಬ್ಬರ ಎದೆಪಟ್ಟಿ ನೋಡುವ ಆಸೆ ನನಗೆ ಇನ್ನೂ ಇದೆ.

ಅಪರೂಪ ಎಂದು ಅಳೆಯುವುದು ಹೇಗೆ? ಜನಗಣತಿ ಅಡ್ಡಹೆಸರುಗಳ ಲೆಕ್ಕ ಪ್ರಕಟಿಸುವುದಿಲ್ಲ. ಇಂಗ್ಲೆಂಡಿನಲ್ಲಿ ಒಂದೊಂದೇ ಮನೆತನದ ಹೆಸರನ್ನು ಹಿಡಿದು ಲೋಕವೆಲ್ಲ ಜಾಲಾಡುವವರ ಸಂಘವೊಂದು 1979ರಿಂದ ಇದೆ. ಅವರ ಕೈಗೆ 1881ರ ಜನಗಣತಿಯ ಮನೆಮನೆಯ ವಿವರಗಳೇ ಸಿಗುತ್ತವೆ. ನಮಗಿರುವುದು ಮತದಾರರ ಪಟ್ಟಿ, ಅದರಲ್ಲಿ ನಮ್ಮ ಕಡೆ ಅಡ್ಡಹೆಸರು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಆದರೂ ಪಟ್ಟಿ ತಿರುವಿದರೆ ಜಿಲ್ಲೆಯ ಮೈಕಟ್ಟು ತಿಳಿಯುತ್ತದೆ. ಕುಷ್ಟಗಿ, ಯಲಬುರ್ಗಾದ ತಾಂಡಾಗಳಿಗೆ ಹೋದರೆ ರಾಠೋಡ, ಚವ್ಹಾಣ, ಪವಾರ, ಜಾಧವ. ಇವು ಊರಿನ ಹೆಸರುಗಳಲ್ಲ, ಕುಲದವು. ಕೈಬೆರಳಲ್ಲಿ ಎಣಿಸುವಷ್ಟೇ ಇರುವುದರಿಂದ ಒಂದೊಂದರಲ್ಲೂ ಸಾವಿರಾರು ಜನ. ಗಂಗಾವತಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಹಿಂದೆಯೇ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ಆಂಧ್ರದವರದು ಇಂಟಿಪೇರು, ಎಂದರೆ ಮನೆಯ ಹೆಸರು. ಅದು ಹೆಸರಿನ ಮುಂದೆ ಒಂದೇ ಅಕ್ಷರವಾಗಿ ಮುದುಡಿ ಕೂತಿರುತ್ತದೆ, ಬಿಡಿಸಿ ಹೇಳೆಂದರೆ ಹೊಸ ತಲೆಮಾರಿನವರು ಅಪ್ಪನಿಗೆ ಫೋನು ಹಚ್ಚುತ್ತಾರೆ. ಹಿರೇಮಠರು ಎಲ್ಲೆಲ್ಲೂ ಇದ್ದಾರೆ, ಊರಿಗೊಂದು ಹಿರೇಮಠ ಇರುವುದರಿಂದ. ಇಂಥವರ ನಡುವೆ ಗಿಣಿಗೇರಿ ಎಂಬುದು ಎಲ್ಲೋ ಒಂದು. ಒಂದು ಊರಿನಿಂದ ಎಷ್ಟು ಮನೆ ಹೊರಬಿದ್ದವೋ ಅಷ್ಟೇ ಬೇರು, ಅದರಲ್ಲೂ ಮಾಸ್ತರರ ಪುಸ್ತಕ ಸೇರಿದ್ದು ಕೆಲವೇ.

ಊರಿನ ಹೆಸರಿನ ಮನೆತನದಲ್ಲಿ ಇನ್ನೊಂದು ತೊಡಕು, ಒಂದೇ ಹೆಸರಿನ ಎರಡು ಊರು. 1973ರಲ್ಲಿ ಭೂಸೇನೆಯ ಮುಖ್ಯಸ್ಥರಾದ ಜನರಲ್ ಗೋಪಾಲ ಗುರುನಾಥ ಬೇವೂರ ಅವರ ಹೆಸರು ಕೇಳಿದೊಡನೆ ಯಲಬುರ್ಗಾದವರು ಎದೆ ಉಬ್ಬಿಸಬಹುದು, ಬೇವೂರು ತಮ್ಮ ತಾಲ್ಲೂಕಿನಲ್ಲಿದೆ ಅಂತ. ತಡೆಯಿರಿ, ಬಾಗಲಕೋಟೆಯ ಹತ್ತಿರವೂ ಒಂದು ಬೇವೂರು ಇದೆ. ಬರೇ ಅಡ್ಡಹೆಸರು ಹಿಡಿದು ಯಾರನ್ನೂ ನಮ್ಮವರೆನ್ನುವಂತಿಲ್ಲ.

ಕಸುಬಿನ ಹೆಸರಿನಲ್ಲಿ ಈ ಮೋಸ ಇನ್ನೂ ಹೆಚ್ಚು. ಯಲಬುರ್ಗಾ ಸೀಮೆಯ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ಸಿದ್ಧಯ್ಯ ಪುರಾಣಿಕರು ‘ಕಾವ್ಯಾನಂದ’ರಾಗಿ ಬರೆದರು, ಐಎಎಸ್ ಅಧಿಕಾರಿಯಾಗಿ ದುಡಿದರು, 1987ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ತಂದೆ ಕಲ್ಲಿನಾಥ ಶಾಸ್ತ್ರಿಗಳು ಪಂಡಿತರು. ತಮ್ಮ ಅನ್ನದಾನಯ್ಯ ಪುರಾಣಿಕರು ವಕೀಲರು, ಸ್ವಾತಂತ್ರ್ಯ ಹೋರಾಟಗಾರರು. ಮಠದಲ್ಲಿ ಶ್ರಾವಣದ ತಿಂಗಳು ಪುರಾಣ ಹಚ್ಚಿ, ಹೇಳಿ, ಮಂಗಲ ಮಾಡುವ ಜಂಗಮ ಮನೆಗಳಿಗೆ ನಮ್ಮಲ್ಲಿ ಈ ಹೆಸರು. ಕರಾವಳಿಗೂ ಮಹಾರಾಷ್ಟ್ರಕ್ಕೂ ಹೋದರೆ ಪುರಾಣಿಕರು ಬ್ರಾಹ್ಮಣರು. ಕೇಳಿದ ಪುರಾಣವೂ ಬೇರೆ, ಹೇಳಿದ ಮಠವೂ ಬೇರೆ. ಬೆಂಗಳೂರಿನ ವಧೂವರರ ಕೇಂದ್ರಗಳಲ್ಲಿ ಇದರಿಂದ ಆಗುವ ಫಜೀತಿಯ ಮೇಲೊಂದು ನಾಟಕ ಬರೆಯಬಹುದು.

ಕಸುಬಿನ ಹೆಸರು ಕಸುಬಿನ ಮೈಗೇ ಅಂಟಿಕೊಂಡು ಉಳಿದದ್ದನ್ನು ನೋಡಬೇಕೆಂದರೆ ಕಿನ್ನಾಳಕ್ಕೆ ಹೋಗಬೇಕು. ಕೊಪ್ಪಳದಿಂದ ದೂರವಿಲ್ಲ. ಅಲ್ಲಿನ ಚಿತ್ರಗಾರರು ಹಗುರ ಮರದ ತುಂಡುಗಳನ್ನು ಕೂಡಿಸಿ, ಸಂದಿಗೆ ಹುಣಸೆಬೀಜದ ಅಂಟು ಕಲಸಿದ ಕಿಟ್ಟ ಮೆತ್ತಿ, ಒಣಗಿಸಿ, ಬಿಳಿ ಬಳಿದು, ಆಮೇಲೆ ಬಣ್ಣಕ್ಕೆ ಕೈ ಹಾಕುತ್ತಾರೆ. ಕಣ್ಣು ಬರೆಯುವುದು ಎಲ್ಲಕ್ಕೂ ಕೊನೆಗೆ. ವಿಜಯನಗರದ ಕಾಲದಿಂದಲೂ ತಮ್ಮ ಹಿರಿಯರು ದೇವರು ಮಾಡಿಕೊಟ್ಟವರೆಂದು ಹೇಳಿಕೊಳ್ಳುತ್ತಾರೆ. ಕಿನ್ನಾಳದ ಗೊಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಬಡಿಗೇರ, ಕಮ್ಮಾರ, ಹೂಗಾರ ಎಂಬ ಅಡ್ಡಹೆಸರುಗಳವರಲ್ಲಿ ಉಳಿ, ಸುತ್ತಿಗೆ, ಹೂಬುಟ್ಟಿ ಬಿಟ್ಟವರೇ ಈಗ ಹೆಚ್ಚು. ಚಿತ್ರಗಾರರಲ್ಲಿ ಇನ್ನೂ ಬೆರಳಿಗೆ ಬಣ್ಣ ಹತ್ತಿದ ಮನೆಗಳಿವೆ. ಈ ಕಾರಣಕ್ಕೆ ಅದು ನನ್ನ ಪಟ್ಟಿಯಲ್ಲಿ ಪಾಟೀಲ, ದೇಸಾಯಿಗಳಿಗಿಂತ ಮೇಲೆ.

ಈಗಿನ ಗಿಣಿಗೇರಾ ಬೇರೆಯೇ. ಸುತ್ತ ಉಕ್ಕಿನ ಕಾರ್ಖಾನೆಗಳು, ರೈಲು ಜಂಕ್ಷನ್ನು, ಅಲ್ಲಿಂದ ಗಂಗಾವತಿ, ಕಾರಟಗಿ, ಸಿಂಧನೂರಿಗೆ ಹೊಸ ಹಳಿ. ಬಾಡಿಗೆ ಮನೆಗಳ ಬಾಗಿಲಲ್ಲಿ ಬಿಹಾರ, ಒಡಿಶಾದ ಹೆಸರುಗಳು. ಊರಿನ ಹುಡುಗರು ಹೊರಗೆ ಹೋಗುತ್ತಿದ್ದಾರೆ. ಅಡ್ಡಹೆಸರಿಲ್ಲದೆ ಬೆಳೆದವನಿಗೆ ಪಾಸ್‌ಪೋರ್ಟ್ ಅರ್ಜಿಯ ಖಾನೆ ಎದುರಾದಾಗ, ಖಾಲಿ ಬಿಡದಿದ್ದರೆ, ಎರಡೇ ದಾರಿ: ಅಪ್ಪನ ಹೆಸರು ಅಥವಾ ಊರಿನ ಹೆಸರು. ಅಪ್ಪನನ್ನು ಬರೆದರೆ ಹನುಮಪ್ಪ ಎಂಬುದೇ ಮನೆತನವಾಗಿ ಅಮೆರಿಕದ ಶಾಲೆಯಲ್ಲಿ ಮೊಮ್ಮಗಳ ಬೆನ್ನಿಗೆ ಬೀಳುತ್ತದೆ. ಊರನ್ನು ಬರೆದರೆ ಇನ್ನೊಂದು ಗಿಣಿಗೇರಿ ಮನೆ ಹುಟ್ಟುತ್ತದೆ, ಗದಗಿನ ಗಿಣಿಗೇರಿಯವರಿಗೂ ಅದಕ್ಕೂ ರಕ್ತಸಂಬಂಧ ಇರಬೇಕೆಂದೇನಿಲ್ಲ. ಇದರ ಮೇಲೆ ಆಧಾರ್ ಕಾರ್ಡಿನ ಕೃಪೆ: ಅಣ್ಣ ಗಿಣಿಗೇರಿ, ತಮ್ಮ ಗಿಣಗೇರಿ, ತಂಗಿ ಗಿಣಿಗೇರ. ಐವತ್ತು ವರ್ಷ ಬಿಟ್ಟು ಯಾರಾದರೂ ಎಣಿಸಿದರೆ ಒಂದು ಮನೆ ಮೂರು ಮನೆತನವಾಗಿರುತ್ತದೆ.

ಇದಕ್ಕೆಲ್ಲ ನಮ್ಮ ಹಿರಿಯರ ಹತ್ತಿರ ಒಂದು ಉಪಾಯವಿತ್ತು, ಹೆಣ್ಣು ಕೊಡುವ ಮುಂಚೆ ಅವರು ಅಡ್ಡಹೆಸರನ್ನು ಕೇಳಿ ಸುಮ್ಮನಾಗುತ್ತಿರಲಿಲ್ಲ. ‘ಯಾವ ಪೈಕಿ? ಬೆಡಗು ಯಾವುದು? ಮನಿದೇವ್ರು ಎಲ್ಲಿಯದು?’ ಊರು ಬಿಟ್ಟವನು ಹೊಲ ಮಾರುತ್ತಾನೆ, ಮನೆ ಬೀಳಿಸುತ್ತಾನೆ, ಅಡ್ಡಹೆಸರನ್ನೂ ಬದಲಿಸುತ್ತಾನೆ, ಆದರೆ ಮನೆದೇವರಿಗೆ ಮಗುವಿನ ಜವಳ ತೆಗೆಸಲು ವಾಪಸು ಬಂದೇ ಬರುತ್ತಾನೆ. ಹಾಗಾಗಿ ನಿಮ್ಮ ಓಣಿಯಲ್ಲಿ ಗಿಣಿಗೇರಿ, ಬೇವೂರ, ತಾವರಗೇರಿ ಯಾರಾದರೂ ಇದ್ದರೆ ಊರು ಕೇಳಬೇಡಿ, ದೇವರನ್ನು ಕೇಳಿ. ಚಿಕ್ಕ ಊರಿನ ಚಿಕ್ಕ ದೇವರಾದರೆ ನಿಮ್ಮ ಕೆಲಸ ಅರ್ಧ ಮುಗಿದಂತೆ, ಜವಳದ ದಿನ ಅಲ್ಲಿ ಕೂತರೆ ಇಡೀ ಮನೆತನ ಒಂದೇ ಪಂಕ್ತಿಯಲ್ಲಿ ಸಿಗುತ್ತದೆ. ಹುಲಿಗಿಯ ಹುಲಿಗೆಮ್ಮ ಎಂದರೆ ಮಾತ್ರ ಚೀಲ ಹೆಗಲಿಗೆ ಹಾಕಿಕೊಂಡು ಎದ್ದುಬಿಡಿ. ಅವಳು ಅರ್ಧ ಸೀಮೆಗೆ ಮನೆದೇವರು. ಮತ್ತೆ ಮದುವೆ ಕಾರ್ಡಿನಿಂದಲೇ ಶುರು ಮಾಡಬೇಕು.