ರೊಟ್ಟಿಯ ಬೆಲೆ ಒಂದು ಕತೆ

ಜಾರ್ಜ್ ಬರ್ನಾರ್ಡ್ ಷಾ ಅವರ 'ಮೇಜರ್ ಬಾರ್ಬರಾ' ನಾಟಕ 1905ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿ ರಂಗಕ್ಕೆ ಬಂತು. ಅದರ ಪ್ರಸ್ತಾಪ ಬಂದಾಗಲೆಲ್ಲ ಚರ್ಚೆಯಾಗುವುದು ಒಂದೇ ಪ್ರಶ್ನೆ. ಬಡವರಿಗೆ ಅನ್ನವಿಕ್ಕಲು ಹೆಂಡದ ದೊರೆಯಿಂದ, ಮದ್ದುಗುಂಡಿನ ವ್ಯಾಪಾರಿಯಿಂದ ಹಣ ಪಡೆಯಬಹುದೇ? ಪ್ರಶ್ನೆ ದೊಡ್ಡದೇ. ಆದರೆ ಕತೆ ಬರೆಯುವ ನಮ್ಮನ್ನು ಕಾಡುವುದು ಅದಕ್ಕೂ ಮೊದಲು ಬರುವ ಒಂದು ಸಣ್ಣ ದೃಶ್ಯ.

ಎರಡನೆಯ ಅಂಕ ನಡೆಯುವುದು ವೆಸ್ಟ್ ಹ್ಯಾಮ್‌ನಲ್ಲಿ, ಜನವರಿಯ ಚಳಿಯಲ್ಲಿ. ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾಸಂಸ್ಥೆಯ ಆಶ್ರಯತಾಣ ಅದು. ಬಡ ಹೆಂಗಸು ರಮ್ಮಿ ಮಿಚೆನ್ಸ್ ಮತ್ತು ಕೆಲಸವಿಲ್ಲದ ಪೇಂಟರ್ ಸ್ನಾಬಿ ಪ್ರೈಸ್ ಅಲ್ಲಿ ಕೊಟ್ಟ ರೊಟ್ಟಿ ತಿಂದು ಗುಟ್ಟಾಗಿ ಮಾತಾಡಿಕೊಳ್ಳುತ್ತಾರೆ. ತಾಯಿಯನ್ನು ಹೊಡೆಯುತ್ತಿದ್ದ ಪಾಪಿ ತಾನೆಂದು ಪ್ರೈಸ್ ಸಭೆಯಲ್ಲಿ ಹೇಳಲಿದ್ದಾನೆ. ನಿಜದಲ್ಲಿ ಹೊಡೆಯುತ್ತಿದ್ದವಳು ತಾಯಿ! ಮರ್ಯಾದಸ್ಥೆ ರಮ್ಮಿ ಕೂಡ ತನ್ನನ್ನು ಕೆಟ್ಟವಳೆಂದು ಹೇಳಿಕೊಂಡಿದ್ದಾಳೆ. ನಾವೂ ಎಲ್ಲರಂಥವರೇ ಎಂದುಬಿಟ್ಟರೆ ಈ ಸೇವಕಿಯರಿಗೆ ದೇಣಿಗೆ ಯಾರು ಕೊಡುತ್ತಾರೆ ಎಂಬುದು ಅವಳ ತರ್ಕ.

ಓದುವಾಗ ನಗು ಬರುತ್ತದೆ, ಮರುಕ್ಷಣ ನಾಚಿಕೆಯಾಗುತ್ತದೆ. ದಾನಿಗೆ ಹಸಿವೊಂದೇ ಸಾಲದು, ಹಸಿದವನ ಬಾಯಿಂದ ಒಂದು ಕತೆಯೂ ಬೇಕು. ನಲವತ್ತಾರು ವರ್ಷದ ಪೀಟರ್ ಶರ್ಲಿಯಲ್ಲಿ ಅಂಥ ಕತೆಯಿಲ್ಲ. ಕೂದಲು ನರೆತಿತೆಂದು ಕೆಲಸ ಕಳೆದುಕೊಂಡವನು ಆತ. ದಾನದ ರೊಟ್ಟಿ ಅವನ ಗಂಟಲಲ್ಲಿ ಇಳಿಯುವುದಿಲ್ಲ.

ಮದ್ಯದ ಹಣಕ್ಕೆ ಸಂಸ್ಥೆ ಕೈ ಚಾಚಿದಾಗ ಬಾರ್ಬರಾ ತನ್ನ ಬ್ಯಾಡ್ಜ್ ಕಳಚುತ್ತಾಳೆ. ಕೊನೆಗೆ ಮದ್ದುಗುಂಡು ತಯಾರಿಸುವ ತಂದೆಯ ಊರಿಗೇ ಹೋಗಿ, ಹೊಟ್ಟೆ ತುಂಬಿದವರ ನಡುವೆ ರೊಟ್ಟಿಯ ಆಮಿಷವಿಲ್ಲದೆ ಧರ್ಮ ಸಾರಲು ನಿಶ್ಚಯಿಸುತ್ತಾಳೆ. ಇಲ್ಲಿ ನಮಗೆ ಷಾ ಅವರೊಂದಿಗೆ ತಕರಾರಿದೆ. ಅವರು ಬಡತನವನ್ನು ಅಪರಾಧವೆಂದದ್ದು ಸರಿ. ಆದರೆ ಪರಿಹಾರವೆಂದು ತೋರಿಸುವ ಆ ಅಚ್ಚುಕಟ್ಟಾದ ಊರಿನ ತಾಯಂದಿರಾಗಲಿ ಮಕ್ಕಳಾಗಲಿ ರಂಗದ ಮೇಲೆ ಬರುವುದೇ ಇಲ್ಲ.

ಸಾಲ್ವೇಶನ್ ಆರ್ಮಿಯ ಇತಿಹಾಸದಲ್ಲಿ ಇನ್ನೊಂದು ದಾರಿಯಿತ್ತು. ಆಗ ಪೂರ್ವ ಲಂಡನ್ನಿನ ಮನೆಗಳಲ್ಲಿ ಮಕ್ಕಳು ತಾಯಿಯ ಜೊತೆ ಕುಳಿತು ಬೆಂಕಿಪೊಟ್ಟಣ ಅಂಟಿಸುತ್ತಿದ್ದರು. ಕಾರ್ಖಾನೆಗಳಲ್ಲಿ ಬಳಸುತ್ತಿದ್ದ ಹಳದಿ ರಂಜಕ ಕಾರ್ಮಿಕರ ದವಡೆಯ ಮೂಳೆಯನ್ನೇ ಕೊಳೆಸುತ್ತಿತ್ತು. ಸಂಸ್ಥಾಪಕ ವಿಲಿಯಂ ಬೂತ್ 1891ರಲ್ಲಿ ಓಲ್ಡ್ ಫೋರ್ಡ್‌ನಲ್ಲಿ ಸ್ವಂತ ಬೆಂಕಿಕಡ್ಡಿ ಕಾರ್ಖಾನೆ ತೆರೆದು ಸುರಕ್ಷಿತವಾದ ಕೆಂಪು ರಂಜಕ ಬಳಸಿದರು, ಇತರರಿಗಿಂತ ಹೆಚ್ಚು ಕೂಲಿ ಕೊಟ್ಟರು. ಕೂಲಿ ಪಡೆಯುವವಳು ಯಾರ ಮುಂದೆಯೂ ಪಾಪ ಒಪ್ಪಿಕೊಳ್ಳಬೇಕಿಲ್ಲ. ಅವಳ ಮಗು ತಾಯಿಯ ದುಡಿಮೆಯ ಅನ್ನ ತಿನ್ನುತ್ತದೆ. ಷಾ ಈ ಕಾರ್ಖಾನೆಯನ್ನು ರಂಗಕ್ಕೆ ತಂದಿದ್ದರೆ ನಾಟಕ ಇನ್ನೂ ನ್ಯಾಯವಾಗಿರುತ್ತಿತ್ತು.

ಹಾಗಿದ್ದೂ ರಮ್ಮಿಯ ಮಾತು ಹಳತಾಗಿಲ್ಲ. ಬಡ ಮಗುವಿನ ಕಣ್ಣೀರಿನ ಫೋಟೋ ಇಲ್ಲದೆ ಇಂದಿಗೂ ನಮ್ಮ ಜೇಬು ಬಿಚ್ಚುವುದಿಲ್ಲ. ಯಾವ ಧರ್ಮದವರೇ ಆಗಲಿ, ಕೊಡುವ ನಾವು ಕೇಳಿಕೊಳ್ಳಬೇಕಾದದ್ದು ಇಷ್ಟೇ: ಒಂದು ತುತ್ತಿಗಾಗಿ ನಾವು ಎಷ್ಟು ಜನರಿಂದ ಸುಳ್ಳು ಹೇಳಿಸಿದ್ದೇವೆ?