ನಿರಿಗೆ ಹಿಡಿಯುವ ಕೈ

ಗ್ರೀಸ್ ದೇಶದ ಡೆಲ್ಫಿಯಲ್ಲಿ 1896ರಲ್ಲಿ ಉತ್ಖನನ ಮಾಡುತ್ತಿದ್ದವರಿಗೆ ಕಂಚಿನ ಸಾರಥಿಯೊಬ್ಬ ಸಿಕ್ಕಿದ. ಆಳೆತ್ತರದ ಪ್ರತಿಮೆ, ಕ್ರಿಸ್ತಪೂರ್ವ ಐದನೇ ಶತಮಾನದ್ದು. ರಥದ ಓಟದಲ್ಲಿ ಗೆದ್ದು ನಿಂತ ಹುಡುಗ. ಬಲಗೈಯಲ್ಲಿ ಲಗಾಮಿನ ತುಂಡುಗಳು ಇನ್ನೂ ಉಳಿದಿವೆ. ನೋಡಿದವರೆಲ್ಲ ಅವನ ಕಣ್ಣುಗಳನ್ನು ಹೊಗಳುತ್ತಾರೆ. ಬಟ್ಟೆಯ ಮೇಲೆ ಆಸೆಯಿದ್ದವರು ಸ್ವಲ್ಪ ಕೆಳಗೆ ನೋಡಬೇಕು. ಭುಜದಿಂದ ಹರಡಿನವರೆಗೆ ಒಂದೇ ನಿಲುವಂಗಿ. ಸೊಂಟಕ್ಕಿಂತ ಮೇಲೆ ಬಿಗಿದ ಪಟ್ಟಿ. ಪಟ್ಟಿಯ ಕೆಳಗೆ ದೇವಸ್ಥಾನದ ಕಂಬದ ಗೀರುಗಳ ಹಾಗೆ ನೇರವಾಗಿ ಇಳಿಯುವ ಆಳವಾದ ನಿರಿಗೆಗಳು, ಮೇಲೆ ಸಣ್ಣ ಸುಕ್ಕುಗಳು. ಓಟದ ಗಾಳಿಗೆ ಬಟ್ಟೆ ಬಲೂನಿನಂತೆ ಉಬ್ಬಬಾರದೆಂದು ಕಂಕುಳಿನ ಸುತ್ತ ದಾರ ಬಿಗಿದಿದ್ದಾರೆ. ಅಂದಕ್ಕೆಂದು ಇಟ್ಟ ಗೆರೆ ಅಲ್ಲಿ ಒಂದೂ ಇಲ್ಲ. ಕೆಲಸಕ್ಕೆ ತಕ್ಕ ಹಾಗೆ ಬಟ್ಟೆ ಬಿಗಿದಾಗ ತಾನೇ ಬಿದ್ದ ನಿರಿಗೆಗಳು ಅವು.

ಹನ್ನೊಂದು ವರ್ಷ ಕಳೆದ ಮೇಲೆ, 1907ರ ಸುಮಾರಿಗೆ, ಈ ಗಂಡಸಿನ ಉಡುಪು ವೆನಿಸ್ ನಗರದಲ್ಲಿ ಹೆಂಗಸರ ಗೌನ್ ಆಗಿ ಮರುಹುಟ್ಟು ಪಡೆಯಿತು. ಹೆಸರು ಡೆಲ್ಫೋಸ್. ಸ್ಪೇನ್‌ನ ಗ್ರನಾಡಾದಲ್ಲಿ ಹುಟ್ಟಿ ವೆನಿಸ್‌ನಲ್ಲಿ ನೆಲೆಸಿದ್ದ ಮರಿಯಾನೋ ಫೋರ್ಚುನಿಯ ಕಾರ್ಖಾನೆಯಿಂದ ಬಂದದ್ದು. ಯೂರೋಪಿನ ಸಿರಿವಂತ ಹೆಂಗಸರು ಆಗ ತಿಮಿಂಗಿಲದ ಎಲುಬು, ಉಕ್ಕಿನ ಪಟ್ಟಿ ಹಾಕಿದ ಕಾರ್ಸೆಟ್‌ನಲ್ಲಿ ಸೊಂಟ ಬಿಗಿದುಕೊಂಡು ಓಡಾಡುತ್ತಿದ್ದರು. ಡೆಲ್ಫೋಸ್‌ಗೆ ಅದಾವುದೂ ಬೇಡ. ತೆಳು ರೇಷ್ಮೆಯ ನಾಲ್ಕೈದು ಅಗಲಗಳನ್ನು ಕೂಡಿಸಿ, ನೂರಾರು ಸಣ್ಣ ನಿರಿಗೆ ಹಿಡಿದು, ಭುಜದಿಂದ ಇಳಿಬಿಟ್ಟರೆ ಮುಗಿಯಿತು. ಬಟ್ಟೆ ಮೈಗೆ ಅಂಟಿಯೂ ಅಂಟದಂತೆ ನಿಲ್ಲುತ್ತದೆ. ಉಸಿರೆಳೆದರೆ ಅಗಲವಾಗುತ್ತದೆ, ಬಿಟ್ಟರೆ ಕೂಡಿಕೊಳ್ಳುತ್ತದೆ. ಅಂಚು ಹಾರದಂತೆ ಬದಿಯಲ್ಲಿ ಮುರಾನೋ ಗಾಜಿನ ಸಣ್ಣ ಮಣಿಗಳ ಸಾಲು. ಕಾರ್ಸೆಟ್ ಇಲ್ಲದೆ ಬೀದಿಗಿಳಿಯುವುದು ಅಂದಿಗೆ ಮರ್ಯಾದೆಯ ಪ್ರಶ್ನೆ. ಹಾಗಾಗಿ ಮೊದಮೊದಲು ಅದನ್ನು ಮನೆಯೊಳಗೆ, ಚಹಾ ಹೊತ್ತಿಗೆ ಉಡುತ್ತಿದ್ದರು. ಹೊಸ್ತಿಲು ದಾಟಲು ಕೆಲವು ವರ್ಷಗಳೇ ಬೇಕಾದವು.

ನೂಲಿನ ಲಡಿಯಂತೆ ತಿರುಚಿ ಪುಟ್ಟ ದುಂಡು ಪೆಟ್ಟಿಗೆಯಲ್ಲಿ ಸುತ್ತಿಡುವ ಗೌನ್ ಅದು. ನೀರು ತಾಗಿ ನಿರಿಗೆ ಬಿಟ್ಟರೆ ಮನೆಯಲ್ಲಿ ಸರಿಮಾಡುವಂತಿರಲಿಲ್ಲ, ವೆನಿಸ್‌ಗೇ ವಾಪಸು ಕಳಿಸಬೇಕು. ಅಲ್ಲಿ ಹೇಗೆ ನಿರಿಗೆ ಹಿಡಿಯುತ್ತಿದ್ದರೆಂಬುದರ ಪೂರ್ತಿ ಗುಟ್ಟು ಇಂದಿಗೂ ಹೊರಬಿದ್ದಿಲ್ಲ. 1909ರಲ್ಲಿ ಫೋರ್ಚುನಿ ಈ ಗೌನ್‌ಗೆ ಪೇಟೆಂಟ್ ಪಡೆದ. ಅದರ ಪ್ರತಿಯ ಮೇಲೆ ಅವನೇ ಕೈಯಾರೆ ಒಂದು ಟಿಪ್ಪಣಿ ಬರೆದಿಟ್ಟಿದ್ದಾನೆ: ಇದನ್ನು ಕಂಡುಹಿಡಿದವಳು ತನ್ನ ಸಂಗಾತಿ ಹೆನ್ರಿಯೆಟ್, ಅರ್ಜಿ ಅವಸರವಾಗಿ ಸಲ್ಲಿಸಬೇಕಾಗಿದ್ದರಿಂದ ತನ್ನ ಹೆಸರು ಹಾಕಿದ್ದೇನೆ ಎಂದು. ಆದರೂ ಲೋಕ ಒಂದು ಶತಮಾನ ಕಾಲ ಅದನ್ನು ಫೋರ್ಚುನಿ ಗೌನ್ ಎಂದೇ ಕರೆಯಿತು. ಹೆನ್ರಿಯೆಟ್ ನೆಗ್ರಿನ್‌ಳ ಹೆಸರು ವಸ್ತುಸಂಗ್ರಹಾಲಯಗಳ ಚೀಟಿಯ ಮೇಲೆ ಕಾಣಿಸಿಕೊಂಡಿದ್ದು ಇತ್ತೀಚೆಗೆ. ಫ್ಯಾಷನ್ ಚರಿತ್ರೆಯಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವ ಕಾಗದ ಆ ಪೇಟೆಂಟ್ ಪ್ರತಿ. ಬಟ್ಟೆ ತೊಡುವವರ ಕತೆ ಬೇಕಾದಷ್ಟು ಬರೆದಿದ್ದಾರೆ. ನಿರಿಗೆ ಹಿಡಿದ ಕೈ ಯಾರದು ಎಂದು ಕೇಳಿದವರು ಕಡಿಮೆ.

ನಿರಿಗೆ ಎಂದ ಕೂಡಲೇ ಹೆಂಗಸರ ಉಡುಗೆ ಎಂಬ ಎಣಿಕೆ ಹೊಸದು. ಅಥೆನ್ಸ್‌ನಲ್ಲಿ ರಾಷ್ಟ್ರಪತಿ ಭವನದ ಕಾವಲಿಗೆ ನಿಲ್ಲುವ ಯೋಧರು ಇಂದಿಗೂ ಬಿಳಿ ನಿರಿಗೆಯ ಲಂಗದಂಥ ಫುಸ್ತನೆಲ್ಲಾ ತೊಡುತ್ತಾರೆ. ಅದಕ್ಕೆ 400 ನಿರಿಗೆ, ತುರ್ಕರ ಆಳ್ವಿಕೆಯ ವರ್ಷಕ್ಕೊಂದರಂತೆ ಎಂದು ಅಲ್ಲಿಯ ಜನ ಹೇಳುತ್ತಾರೆ. ಸ್ಕಾಟ್ಲೆಂಡಿನ ಕಿಲ್ಟ್‌ಗೆ ಏಳು ಮೀಟರಿನಷ್ಟು ಉಣ್ಣೆ ಬಟ್ಟೆ ಹಿಂಬದಿಯ ನಿರಿಗೆಯೊಳಗೇ ಅಡಗುತ್ತದೆ. ಆ ಉಡುಪಿಗೆ ಬ್ರಿಟಿಷ್ ಸರ್ಕಾರ ಎಷ್ಟು ಹೆದರಿತ್ತೆಂದರೆ, 1746ರಲ್ಲಿ ಕಾನೂನು ಮಾಡಿ ಅದನ್ನು ನಿಷೇಧಿಸಿತು. ನಿಷೇಧ ತೆಗೆದದ್ದು 1782ರಲ್ಲಿ. ನಮ್ಮ ಪಂಚೆ ಮತ್ತು ಕಚ್ಚೆಗಳ ನಿರಿಗೆಯೂ ಗಂಡಸಿನದೇ. ನಿರಿಗೆಗೆ ಲಿಂಗವಿಲ್ಲ. ಲಿಂಗಭೇದ ಇದ್ದದ್ದು ಬೇರೆ ಕಡೆ, ಉಡುವವರು ಯಾರು, ತೀಡುವವರು ಯಾರು ಎಂಬಲ್ಲಿ.

ಹದಿನಾರನೇ ಶತಮಾನದ ಇಂಗ್ಲೆಂಡಿನ ಚಿತ್ರಗಳಲ್ಲಿ ದೊರೆಗಳ, ನಾವಿಕರ ಕತ್ತಿನ ಸುತ್ತ ದೊಡ್ಡ ಬಿಳಿ ನಿರಿಗೆಯ ಚಕ್ರ ಕಾಣುತ್ತದಲ್ಲ, ಅದು ರಫ್. ಗಂಜಿಯಿಲ್ಲದೆ ಅದು ನಿಲ್ಲದು. ಆ ವಿದ್ಯೆಯನ್ನು 1564ರಲ್ಲಿ ಲಂಡನ್ನಿಗೆ ತಂದವಳು ಫ್ಲೆಮಿಶ್ ನಾಡಿನಿಂದ ವಲಸೆ ಬಂದ ಡಿಂಗೆನ್ ವಾನ್ ಡೆರ್ ಪ್ಲಾಸ್ಸೆ. ಗಂಜಿ ಹಾಕುವುದನ್ನು ಫೀಸು ತೆಗೆದುಕೊಂಡು ಕಲಿಸುತ್ತಿದ್ದಳು. ಗಂಜಿಯಲ್ಲಿ ಅದ್ದಿ, ಬಿಸಿ ಕಡ್ಡಿಯಿಂದ ಒಂದೊಂದೇ ಸುರುಳಿ ಎತ್ತಿ ನಿಲ್ಲಿಸಬೇಕು. ಮಳೆ ಬಂದರೆ ಎಲ್ಲವೂ ಕುಸಿಯುತ್ತದೆ, ಮತ್ತೆ ಮೊದಲಿಂದ. ಆ ಚಿತ್ರಗಳ ಗತ್ತೆಲ್ಲ ಒಗೆಯುವ ಹೆಂಗಸರ ದುಡಿಮೆಯ ಮೇಲೆ ನಿಂತಿತ್ತು. ನಮ್ಮಲ್ಲಿಯೂ ಗರಿಗರಿ ಪಂಚೆಯ ಹಿಂದೆ ಮಡಿವಾಳರ ಬೆನ್ನು, ಇದ್ದಲಿನ ಇಸ್ತ್ರಿಪೆಟ್ಟಿಗೆಯ ಭಾರ ಇತ್ತು.

ನಿರಿಗೆ ಬಿಡುವುದು ಯಾಕೆ? ಹತ್ತಿ, ರೇಷ್ಮೆಯ ಎಳೆಗಳೊಳಗೆ ಅಣುಗಳನ್ನು ಹಿಡಿದಿಡುವ ಸಣ್ಣ ಬಂಧಗಳು ನೀರಿಗೆ ಸುಲಭವಾಗಿ ಬಿಚ್ಚಿಕೊಳ್ಳುತ್ತವೆ. ಒದ್ದೆ ಬಟ್ಟೆಗೆ ಇಸ್ತ್ರಿ ಮಾಡಿದರೆ ಹೊಸ ಮಡಿಕೆಯಲ್ಲಿ ಆ ಬಂಧಗಳು ಮತ್ತೆ ಕೂಡುತ್ತವೆ, ಮುಂದಿನ ಒಗೆತಕ್ಕೆ ಮತ್ತೆ ಬಿಚ್ಚುತ್ತವೆ. ಪ್ರತಿ ವಾರ ಯಾರಾದರೂ ಇಸ್ತ್ರಿ ಹಿಡಿಯಲೇಬೇಕು. ಈ ಲೆಕ್ಕವನ್ನು ಬುಡಮೇಲು ಮಾಡಿದ್ದು ಪಾಲಿಯೆಸ್ಟರ್. ಮ್ಯಾಂಚೆಸ್ಟರ್‌ನ ಕ್ಯಾಲಿಕೋ ಪ್ರಿಂಟರ್ಸ್ ಅಸೋಸಿಯೇಷನ್‌ನಲ್ಲಿದ್ದ ವಿನ್‌ಫೀಲ್ಡ್ ಮತ್ತು ಡಿಕ್ಸನ್ 1941ರಲ್ಲಿ ಅದನ್ನು ರೂಪಿಸಿದರು; ಟೆರಿಲಿನ್ ಎಂಬ ಹೆಸರಲ್ಲಿ ಅದು ನಮ್ಮ ಊರುಗಳಿಗೂ ಬಂತು. ಇಸ್ತ್ರಿ ಕೆಡದ ಟೆರಿಲಿನ್ ಪ್ಯಾಂಟು ಒಂದು ತಲೆಮಾರಿನ ಗಂಡಸರಿಗೆ ಹೆಮ್ಮೆಯ ವಸ್ತುವಾಗಿತ್ತು. ಆ ನೂಲು ಬಿಸಿಗೆ ಸಡಿಲಗೊಂಡು, ತಣಿದಾಗ ಹೊಸ ಆಕಾರದಲ್ಲೇ ಗಟ್ಟಿಯಾಗುತ್ತದೆ. ನೀರು ಅದನ್ನು ಅಲುಗಿಸಲಾರದು. ಮಡಿಕೆಯನ್ನು ನೂಲೇ ನೆನಪಿಟ್ಟುಕೊಳ್ಳುತ್ತದೆ.

ಈ ನೆನಪನ್ನು ಕಲೆಯಾಗಿಸಿದವನು ಜಪಾನಿನ ವಸ್ತ್ರವಿನ್ಯಾಸಕ ಇಸ್ಸೆ ಮಿಯಾಕೆ. ಹುಟ್ಟಿದ್ದು 1938ರಲ್ಲಿ ಹಿರೋಶಿಮಾದಲ್ಲಿ. ಬಾಂಬು ಬಿದ್ದಾಗ ಏಳು ವರ್ಷ. ವಿಕಿರಣದ ಪರಿಣಾಮದಿಂದ ತಾಯಿ ಮೂರು ವರ್ಷದೊಳಗೆ ತೀರಿಕೊಂಡರು. ಅದರ ಬಗ್ಗೆ ಆತ ದಶಕಗಳ ಕಾಲ ಬಾಯಿ ಬಿಡಲಿಲ್ಲ. 2009ರಲ್ಲಿ ಪತ್ರಿಕೆಯೊಂದಕ್ಕೆ ಬರೆಯುತ್ತ, ನಾಶವಾಗುವುದನ್ನಲ್ಲ, ಸೃಷ್ಟಿಯಾಗುವುದನ್ನು ಯೋಚಿಸಬೇಕೆಂದು ಬಟ್ಟೆಯ ಕಡೆಗೆ ಬಂದೆ ಎಂಬರ್ಥದ ಮಾತು ಹೇಳಿದ. ಪ್ಯಾರಿಸ್‌ನ ದೊಡ್ಡ ಫ್ಯಾಷನ್ ಸಂಸ್ಥೆಗಳಲ್ಲಿ ಕೆಲಸ ಕಲಿಯುತ್ತಿದ್ದಾಗ 1968ರ ವಿದ್ಯಾರ್ಥಿ ಚಳವಳಿ ಕಣ್ಣೆದುರೇ ನಡೆಯಿತು. ಬೆರಳೆಣಿಕೆಯ ಸಿರಿವಂತರಿಗೆ ಅಳತೆ ಹಿಡಿದು ಹೊಲಿಯುವುದರಲ್ಲಿ ಮನಸ್ಸು ನಿಲ್ಲಲಿಲ್ಲ. 1970ರಲ್ಲಿ ಟೋಕಿಯೋದಲ್ಲಿ ತನ್ನ ಸ್ಟುಡಿಯೋ ತೆರೆದ. ಮೊದಲಿಂದಲೂ ಜೊತೆಗಿದ್ದು, ನೂಲು-ನೇಯ್ಗೆಯ ಹೊಣೆ ಹೊತ್ತವಳು ಮಕಿಕೋ ಮಿನಗಾವ. ಈ ಹೆಸರನ್ನೂ ಓದುಗರು ನೆನಪಿಡಬೇಕು.

ಮಿಯಾಕೆ 1988ರಲ್ಲಿ ನಿರಿಗೆಯ ಪ್ರಯೋಗ ಶುರುಮಾಡಿದ. ಅದುವರೆಗಿನ ರೂಢಿ ಏನು? ಥಾನಿನ ಬಟ್ಟೆಗೆ ಮೊದಲು ನಿರಿಗೆ ಹಿಡಿಸಿ, ಆಮೇಲೆ ಕತ್ತರಿಸಿ ಹೊಲಿಯುವುದು. ಆತ ಕ್ರಮವನ್ನೇ ತಿರುಗಿಸಿದ. ಬೇಕಾದ ಅಳತೆಗಿಂತ ಎರಡೂವರೆಯಿಂದ ಮೂರು ಪಟ್ಟು ದೊಡ್ಡದಾಗಿ ಉಡುಪನ್ನು ಕತ್ತರಿಸಿ, ಪೂರ್ತಿ ಹೊಲಿದು ಮುಗಿಸುವುದು. ದೈತ್ಯನ ಅಂಗಿಯಂತೆ ಕಾಣುವ ಅದನ್ನು ಎರಡು ಕಾಗದಗಳ ನಡುವೆ ಹಾಸಿ ನಿರಿಗೆಯ ಯಂತ್ರಕ್ಕೆ ಕೊಡುವುದು. ಬಿಸಿ ಮತ್ತು ಒತ್ತಡದಿಂದ ಇನ್ನೊಂದು ಬದಿಯಲ್ಲಿ ಮೈಯಳತೆಯ ಉಡುಪು ಹೊರಬರುತ್ತದೆ. ಕಾಗದ ಬಿಡಿಸಿ ಕೊಡವಿದರೆ ಉಡಲು ಸಿದ್ಧ. ಒಂದೇ ಅಂಗಿ ತೆಳ್ಳಗಿನವರಿಗೂ ದಪ್ಪಗಿನವರಿಗೂ, ಗರ್ಭಿಣಿಗೂ ಬಾಣಂತಿಗೂ ಒಗ್ಗುತ್ತದೆ. ಅಗಲವೆಲ್ಲ ನಿರಿಗೆಯೊಳಗೇ ಕೂತಿರುತ್ತದೆ. ಇದರ ಪರೀಕ್ಷೆ ನಡೆದದ್ದು ನರ್ತಕರ ಮೈಮೇಲೆ, 1991ರಲ್ಲಿ ವಿಲಿಯಂ ಫೋರ್ಸಿತ್‌ನ ಫ್ರಾಂಕ್‌ಫರ್ಟ್ ಬ್ಯಾಲೆ ತಂಡಕ್ಕೆ ಉಡುಪು ಮಾಡಿದಾಗ. ಮರುವರ್ಷ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ, ಸೋವಿಯತ್ ಒಕ್ಕೂಟದಿಂದ ಆಗಷ್ಟೇ ಬಿಡಿಸಿಕೊಂಡಿದ್ದ ಪುಟ್ಟ ಲಿಥುವೇನಿಯಾದ ತಂಡ ಮಿಯಾಕೆಯ ನಿರಿಗೆ ಜಾಕೆಟ್ ತೊಟ್ಟು ನಡೆಯಿತು. 1993ರಲ್ಲಿ ಈ ಉಡುಪುಗಳು ಪ್ಲೀಟ್ಸ್ ಪ್ಲೀಸ್ ಎಂಬ ಹೆಸರಲ್ಲಿ ಅಂಗಡಿಗೆ ಬಂದವು. ಗಂಡಸರಿಗೆಂದು ಓಮ್ ಪ್ಲಿಸ್ಸೆ ಬರಲು 2013 ಆಗಬೇಕಾಯಿತು. ಡೆಲ್ಫಿಯ ಹುಡುಗನ ನಿರಿಗೆ ಗಂಡಸಿಗೆ ವಾಪಸು ಸಿಗಲು ಇಷ್ಟು ಕಾಲ ಹಿಡಿದದ್ದು ನನಗೆ ಅಚ್ಚರಿ.

ಮಿಯಾಕೆ 2022ರ ಆಗಸ್ಟ್‌ನಲ್ಲಿ ತೀರಿಕೊಂಡಾಗ ಹಲವರು ಅವನನ್ನು ಸ್ಟೀವ್ ಜಾಬ್ಸ್‌ನ ಕಪ್ಪು ಅಂಗಿ ಮಾಡಿದವನೆಂದು ನೆನೆದರು. ನನ್ನ ಮಟ್ಟಿಗೆ ಅವನ ದೊಡ್ಡ ಕೆಲಸ ಇದು: ಇಸ್ತ್ರಿ ಹಿಡಿಯಲು ಮನೆಯಲ್ಲಿ ಆಳಿಲ್ಲದ, ಆಫೀಸಿಗೆ ರೈಲು ಹಿಡಿಯಬೇಕಾದ ಹೆಂಗಸಿಗೂ ನಿರಿಗೆಯ ಸೊಬಗು ದಕ್ಕುವಂತೆ ಮಾಡಿದ್ದು. ರಾತ್ರಿ ಒಗೆದು ಹರವಿದರೆ ಬೆಳಿಗ್ಗೆ ಉಡಬಹುದು. ಸುರುಳಿ ಸುತ್ತಿ ಕೈಚೀಲದಲ್ಲಿ ತುರುಕಬಹುದು.

ಈಗ ನಮ್ಮ ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿನಲ್ಲೂ ನಿರಿಗೆಯ ಪಲಾಜೊ, ಕುರ್ತಾ, ಲಂಗಗಳ ರಾಶಿ ಇದೆ. ಕೊಳ್ಳುವ ಮೊದಲು ಒಳಗನ್ನು ಹೊರಗೆ ಮಾಡಿ ಹೊಲಿಗೆ ನೋಡಿ. ನಿರಿಗೆ ಹೊಲಿಗೆಯ ಬಳಿ ತುಂಡಾಗಿದ್ದರೆ, ಕೆಳಗಿನ ಅಂಚು ಮಡಿಚಿದ ಕಡೆ ಚಪ್ಪಟೆಯಾಗಿದ್ದರೆ, ಅದು ನಿರಿಗೆ ಹಿಡಿಸಿದ ಥಾನಿನಿಂದ ಕತ್ತರಿಸಿದ್ದು. ನಡೆದಾಡುವಾಗ ಆ ಜಾಗ ಬಿಗಿಯುತ್ತದೆ, ಬೇಗ ಕೆಡುತ್ತದೆ. ಹೊಲಿಗೆಯೂ ಅಂಚೂ ನಿರಿಗೆಯ ಜೊತೆಗೇ ಮಡಿಚಿಕೊಂಡಿದ್ದರೆ ಹೊಲಿದ ಮೇಲೆ ನಿರಿಗೆ ಹಿಡಿಸಿದ್ದಾರೆಂದು ತಿಳಿಯಿರಿ, ಅದಕ್ಕೆ ನಾಲ್ಕು ಕಾಸು ಹೆಚ್ಚು ಕೊಡಬಹುದು. ಎರಡೂ ಕೈಯಿಂದ ಅಗಲಕ್ಕೆ ಎಳೆದು ಬಿಡಿ, ಕೂಡಲೇ ಮುಚ್ಚಿಕೊಳ್ಳಬೇಕು. ಬಟ್ಟೆಯಲ್ಲಿ ಹತ್ತಿ ಹೆಚ್ಚಿದ್ದರೆ ನಾಲ್ಕು ಒಗೆತಕ್ಕೆ ಗೆರೆ ಮಾಯ.

ಪಾಲಿಯೆಸ್ಟರ್‌ನ ದೋಷವನ್ನೂ ಹೇಳಲೇಬೇಕು. ಅದು ಪೆಟ್ರೋಲಿಯಂನ ಕೂಸು, ಮಣ್ಣಿನಲ್ಲಿ ಕೊಳೆಯುವುದಿಲ್ಲ. ಒಗೆದಾಗಲೆಲ್ಲ ಸಣ್ಣ ಎಳೆಗಳು ಕಳಚಿ ನೀರು ಸೇರುತ್ತವೆ. ಬೆಂಗಳೂರಿನ ಸೆಖೆಯಲ್ಲಿ ಬೆವರನ್ನೂ ಹೀರುವುದಿಲ್ಲ. ನಿರಿಗೆಯ ನಡುವೆ ಗಾಳಿಯಾಡುವುದರಿಂದ ಸ್ವಲ್ಪ ತಡೆಯಬಹುದು, ಅಷ್ಟೇ. ಒಂದು ಒಳ್ಳೆಯ ಉಡುಪು ಕೊಂಡು ಹತ್ತು ವರ್ಷ ಉಟ್ಟರೆ ಸರಿ. ಸೀಸನ್ನಿಗೊಂದು ಎಸೆಯುವ ಅಗ್ಗದ ನಿರಿಗೆಯನ್ನು ನಾನು ಯಾರಿಗೂ ಹೇಳುವುದಿಲ್ಲ.

ಸೀರೆಯ ನಿರಿಗೆಯ ಜಾತಿಯೇ ಬೇರೆ. ಅದು ಯಂತ್ರದ್ದಲ್ಲ, ಅಂಗಡಿಯದ್ದಲ್ಲ. ಉಡುವವಳ ಹೆಬ್ಬೆರಳು-ಕಿರುಬೆರಳಿನ ನಡುವಿನ ಅಗಲವೇ ಅದರ ಅಳತೆ, ಬೆಳಿಗ್ಗೆ ಹುಟ್ಟಿ ರಾತ್ರಿ ಬಿಚ್ಚಿಹೋಗುತ್ತದೆ. ನೂಲಿನ ಗುಣ ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಕಾಂಚೀಪುರಂ ರೇಷ್ಮೆಯ ನಿರಿಗೆ ಜರಿಯ ಅಂಚಿನ ಭಾರಕ್ಕೆ ಚೂಪಾಗಿ ನಿಲ್ಲುತ್ತದೆ. ಮೈಸೂರು ರೇಷ್ಮೆಯ ಕ್ರೇಪ್‌ನಲ್ಲಿ ನೂಲಿಗೆ ಹೆಚ್ಚು ತಿರುವು ಕೊಟ್ಟಿರುವುದರಿಂದ ಮಡಿಕೆ ಚೂಪಾಗುವುದಿಲ್ಲ, ಮೆತ್ತಗೆ ಇಳಿದು ಕಾಲಿನ ಜೊತೆಗೇ ಚಲಿಸುತ್ತದೆ. ಕೊಡಗಿನ ಹೆಂಗಸರು ನಿರಿಗೆಯನ್ನು ಬೆನ್ನ ಕಡೆಗೆ ಸಿಕ್ಕಿಸುತ್ತಾರೆ; ಕಾವೇರಿಯ ರಭಸಕ್ಕೆ ಸೀರೆಯ ನಿರಿಗೆ ಹಿಂದಕ್ಕೆ ತಿರುಗಿತು ಎಂದು ಬಲಮುರಿಯ ಕತೆ. ಹೊಲದಲ್ಲಿ ದುಡಿಯುವ ಉತ್ತರ ಕರ್ನಾಟಕದ ತಾಯಂದಿರು ಅದನ್ನು ಕಾಲ ನಡುವೆ ತೆಗೆದು ಕಚ್ಚೆ ಹಾಕುತ್ತಾರೆ. ಮುಂದೆಯೋ ಹಿಂದೆಯೋ ಎಂಬುದನ್ನು ಬೆಟ್ಟದ ದಾರಿಯೂ ಕಳೆ ಕೀಳುವ ಕೆಲಸವೂ ತೀರ್ಮಾನಿಸಿವೆ ಎಂದು ನನ್ನ ನಂಬಿಕೆ.

ಈಚೆಗೆ ಮದುವೆಯ ಸೀರೆಗಳನ್ನು ಹಿಂದಿನ ದಿನವೇ ಪ್ರೀ-ಪ್ಲೀಟಿಂಗ್‌ಗೆ ಕೊಡುವುದು ರೂಢಿಯಾಗಿದೆ. ಸೊಂಟದ ಸುತ್ತಳತೆ, ಎತ್ತರ ಬರೆದುಕೊಂಡು ಸೆರಗು, ನಿರಿಗೆ ಎರಡನ್ನೂ ಅಳೆದು, ಸ್ಟೀಮ್ ಇಸ್ತ್ರಿ ಕೊಟ್ಟು, ಕ್ಲಿಪ್ ಹಾಕಿ, ಡಬ್ಬಿಯಂತೆ ಮಡಿಚಿ ಕೊಡುತ್ತಾರೆ. ಇದನ್ನು ಹೀಯಾಳಿಸುವವರ ಸಾಲಿಗೆ ನಾನು ಸೇರುವುದಿಲ್ಲ. ಹಿಂದೆ ‘ನಿರಿಗೆ ಹಿಡಿ ಬಾರೇ’ ಎಂದು ಅಮ್ಮ ಕೂಗಿದರೆ ಮಗಳು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ತುದಿ ಎಳೆದು ಸರಿಮಾಡುತ್ತಿದ್ದಳು. ಲೆಕ್ಕಕ್ಕೆ ಸಿಗದ ಆ ಕೆಲಸಕ್ಕೆ ಈಗ ಬೆಲೆ ಬಂದಿದೆ, ಎಷ್ಟೋ ಹೆಣ್ಣುಮಕ್ಕಳು ಮನೆಯಲ್ಲೇ ಕೂತು ಇದರಿಂದ ಸಂಪಾದಿಸುತ್ತಿದ್ದಾರೆ. ಚೆನ್ನಾಗಿ ನಿರಿಗೆ ಹಿಡಿದವರ ಹೆಸರು ಕೇಳಿ ಇಟ್ಟುಕೊಳ್ಳಿ, ನಾಲ್ಕು ಜನಕ್ಕೆ ಹೇಳಿ, ಕೂಲಿಗೆ ಚೌಕಾಸಿ ಮಾಡಬೇಡಿ.

ಆದರೆ ಸಮಾರಂಭ ಮುಗಿದ ಮರುದಿನ ಆ ಸೀರೆಯನ್ನು ಕ್ಲಿಪ್ಪಿನ ಸಮೇತ ಬೀರುವಿನಲ್ಲಿಡಬೇಡಿ. ರೇಷ್ಮೆ ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದರೆ ಆ ಗೆರೆಯಲ್ಲೇ ಬಿರಿಯುತ್ತದೆ, ಜರಿ ಮುರಿಯುತ್ತದೆ. ಪಿನ್ನು, ಕ್ಲಿಪ್ ಎಲ್ಲ ತೆಗೆದು, ನೆರಳಲ್ಲಿ ಗಾಳಿಗೆ ಹರವಿ, ನಿರಿಗೆಯ ಗೆರೆ ತಪ್ಪಿಸಿ ಮಡಿಚಿ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಮೂರ್ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ.